ಬೇಲಿಯ ಬುಡ

ಹೋದ ದೀಪಾವಳಿಗೆ ಹಾಸನದ ಮನೆಗೆ ಹೋದಾಗ ಅಂಗಳದಲ್ಲಿ ಅಮ್ಮನ ಬೆತ್ತದ ಕುರ್ಚಿ ಕಾಣಲಿಲ್ಲ. ಸಂಜೆ ಅದರಲ್ಲಿ ಕೂತು ಸೊಪ್ಪು ಸೋಸೋದು, ಹೂ ಕಟ್ಟೋದು ಅವಳ ಅಭ್ಯಾಸ.

"ಕುರ್ಚಿ ಎಲ್ಲಮ್ಮಾ?"

"ಒಳಗಿಟ್ಕೊಂಡೆ ಕಣೋ. ಅಲ್ಲಿ ಕೂತ್ರೆ ರಸ್ತೇಲಿ ಹೋಗೋರ್ಗೆಲ್ಲಾ ಕಾಣ್ತೀನಿ."

ನಮ್ಮನೆ ಮುಂದಿರೋದು ದಾಸವಾಳದ ಬೇಲಿ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಡ್ಡಿ ಊರಿ ಬೆಳೆಸಿದ್ದು, ಈಗ ಆಳೆತ್ತರ. ದೂರದಿಂದ ಹಸಿರು ಗೋಡೆ. ಹತ್ತಿರ ಹೋಗಿ ನೋಡಿದರೆ ಸೊಂಟದವರೆಗೆ ಒಂದೆಲೆ ಇಲ್ಲ, ಬರೀ ಬೂದು ಕಾಂಡ!

ನಾನು ಇಂಜಿನಿಯರ್ ಅಲ್ವಾ, ತಕ್ಷಣ ಮೊಬೈಲ್ ತೆಗೆದು ಹಸಿರು ನೆಟ್ ಹುಡುಕಿದೆ. "ಇದೇನು ಕೆಲಸ ನಡೀತಿರೋ ಬಿಲ್ಡಿಂಗಾ?" ಅಂದಳು ಅಮ್ಮ :-) ಸರಿ ಅಂತ ಸಂದುಗಳಲ್ಲಿ ಹೊಸ ಕಡ್ಡಿ ನೆಟ್ಟು ಬಂದೆ. ಸಂಕ್ರಾಂತಿಗೆ ಹೋಗುವಷ್ಟರಲ್ಲಿ ಎಲ್ಲಾ ಒಣಗಿದ್ದವು. ಬಿಸಿಲು ಬೀಳದ ಜಾಗ, ಇರೋ ನೀರನ್ನೂ ಹಳೇ ಬೇರುಗಳು ಕುಡಿದುಬಿಡುತ್ತವೆ.

ಕೊನೆಗೆ ನರ್ಸರಿ ಯಜಮಾನರನ್ನು ಕರೆತಂದೆ. ಅವರು ಬುಡ ನೋಡಲೇ ಇಲ್ಲ, ತಲೆ ನೋಡಿದರು. "ಮೇಲೆ ಅಗಲ, ಕೆಳಗೆ ಸಣ್ಣ. ಬಿಸಿಲೆಲ್ಲಾ ನೆತ್ತಿಗೇ ಹೋದ್ರೆ ಬುಡಕ್ಕೇನು ಉಳಿಯುತ್ತೆ ಸಾರ್?"

ವಿಷಯ ಇಷ್ಟೇ. ಕೊಂಬೆಯ ತುದಿಮೊಗ್ಗು ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಕತ್ತರಿಸಿದರೆ ಅದರ ಸ್ವಲ್ಪ ಕೆಳಗಿನವು ಚಿಗುರುತ್ತವೆ. ಪ್ರತಿ ಸಲ ಒಂದೇ ಮಟ್ಟಕ್ಕೆ ಕತ್ತರಿಸಿದರೆ ಅಲ್ಲೇ ದಟ್ಟ ಛಾವಣಿಯಾಗುತ್ತದೆ. ಕೆಳಗೆ ನೆರಳು. ನೆರಳಲ್ಲಿ ದುಡಿಯಲಾಗದ ಎಲೆಯನ್ನು ಗಿಡ ಉದುರಿಸಿಬಿಡುತ್ತದೆ. ಅದಕ್ಕೇ ಬೇಲಿ ಯಾವಾಗಲೂ ಬುಡದಲ್ಲಿ ಅಗಲ, ಮೇಲೆ ಕಿರಿದಾಗಿರಬೇಕು. ಬುಡ 3 ಅಡಿಯಾದರೆ ತಲೆ 2 ಅಡಿ.

ಆಗಲೇ ಬೋಳಾಗಿರುವ ಬುಡಕ್ಕೆ ಅಷ್ಟು ಸಾಲದು. ಮೂರು ಕಾಂಡಕ್ಕೊಂದರಂತೆ, ಹಳೆಯದನ್ನು ಆರಿಸಿ, ಮೊಣಕಾಲಿನ ಮಟ್ಟಕ್ಕೆ ಕಡಿಯಬೇಕು. ಮುಂದಿನ ವರ್ಷ ಇನ್ನೊಂದು ಪಾಲು, ಆಮೇಲಿನ ವರ್ಷ ಉಳಿದದ್ದು. ಕಡಿಯುವ ಮೊದಲು ಉಗುರಲ್ಲಿ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ ಅಂತ. (ನಿಮ್ಮನೇಲಿ ಥೂಜಾ ಬೇಲಿ ಇದ್ದರೆ ದಯವಿಟ್ಟು ಹೀಗೆ ಮಾಡಬೇಡಿ, ಎಲೆಯಿಲ್ಲದ ಹಳೇ ಕೊಂಬೆಯಿಂದ ಅದು ಚಿಗುರುವುದಿಲ್ಲ.)

ಅಮ್ಮ ಒಪ್ಪಲಿಲ್ಲ. "ನಿಮ್ಮಪ್ಪ ಹುರಿ ಕಟ್ಟಿ ಮಟ್ಟ ಮಾಡ್ತಿದ್ದ ಬೇಲಿ ಅದು..."

ನಿಜ. ಪ್ರತಿ ಭಾನುವಾರ ಅಪ್ಪ ಎರಡು ಕಡೆ ಗೂಟ ನೆಟ್ಟು, ಹುರಿ ಎಳೆದು, ದೊಡ್ಡ ಕತ್ತರಿಯಲ್ಲಿ ತಲೆ ಸವರುತ್ತಿದ್ದರು. ಬುಡ ಬೋಳಾಗಿದ್ದು ಅದರಿಂದಲೇ ಅಂತ ಹೇಗೆ ಹೇಳೋದು? ಅಪ್ಪ ಹೋಗಿ ಎರಡು ವರ್ಷವಾಯ್ತು. ನಾನು ಸುಮ್ಮನಾದೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಅವಳೇ ಅಂದಳು, "ಅವ್ರು ಮೇಲಷ್ಟೇ ನೋಡ್ತಿದ್ರು. ಕಡಿಸು, ಆದ್ರೆ ನೀನೇ ನಿಂತು ಕಡಿಸು."

ನನಗೆ ಅನ್ನ ಗಂಟಲಲ್ಲಿ ನಿಂತಿತು. ನಾನೂ ಭಾನುವಾರ ಫೋನ್ ಮಾಡುವವನೇ. "ಊಟ ಆಯ್ತಾ? ಮಾತ್ರೆ ತಗೊಂಡ್ಯಾ?" ಅಂತ ಕೇಳಿ ಇಟ್ಟುಬಿಡುತ್ತೇನೆ. ಕುರ್ಚಿ ಒಳಗೆ ಹೋದ ವಿಷಯ ಆ ಫೋನುಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ಮೂರು ದಿನ ರಜೆ ಹಾಕಿ ಹೋದೆ. ಕಡಿದು, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ ಬಂದೆ. ಮೂರು ವಾರದ ಮೇಲೆ ಅಮ್ಮನೇ ಫೋನ್ ಮಾಡಿದಳು. "ಚಿಗುರಿದೆ ಕಣೋ! ಹಳೇ ಮರದಿಂದಾನೇ! ಆದ್ರೆ ಹಿಟ್ಟು ತಿಗಣೆ ಹತ್ತಿದೆ." ಪೈಪಿನ ನೀರು ಜೋರಾಗಿ ಹಾಯಿಸಿ ತೊಳಿ, ಚಿಗುರು ಗೇಣುದ್ದ ಆದ ಮೇಲೆ ತುದಿ ಚಿವುಟು ಅಂದೆ. ಅವತ್ತು ಮುಕ್ಕಾಲು ಗಂಟೆ ಮಾತಾಡಿದೆವು.

ಕುರ್ಚಿ ಇನ್ನೂ ಒಳಗೇ ಇದೆ. ಸಂದುಗಳು ತುಂಬಲು ಟೈಮ್ ಬೇಕು. ಇನ್ನೂ ಎರಡು ಪಾಲು ಕಡಿಯೋದು ಬಾಕಿ, ಅಂದರೆ ಇನ್ನೆರಡು ವರ್ಷ ಮಳೆ ಶುರುವಾಗುವ ಹೊತ್ತಿಗೆ ನಾನು ಊರಲ್ಲಿರಲೇಬೇಕು.

ನಿಮ್ಮನೆ ಬೇಲಿಯ ಬುಡ ಹೇಗಿದೆ? ಒಮ್ಮೆ ಬಗ್ಗಿ ನೋಡಿ.