ಕಾಲಿನ ಕಸುವಿಗೊಂದು ಅಳತೆ

ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆ ಪಕ್ಕ ಜಿಗಿಯುವ ಪರೀಕ್ಷೆಯನ್ನ ನೀವೂ ನೋಡಿರ್ತೀರಿ. ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಕಟಿಸಿದ ಜಿಗಿತದ ಪರೀಕ್ಷೆಯೇ ಇದಕ್ಕೆ ಮೂಲ. ತೊಂದರೆ ಏನಪ್ಪಾ ಅಂದ್ರೆ, ಕೈ ಬೀಸಿದರೆ ಎತ್ತರ ಹೆಚ್ಚುತ್ತೆ. ಆಗ ಅಳೆದದ್ದು ಬರೀ ಕಾಲನ್ನಲ್ಲ!

ಬ್ಯಾಲೆಯವರ ಸರಳ ಜಿಗಿತದಲ್ಲಿ ಆ ಸಹಾಯ ಇಲ್ಲ. ಬೆನ್ನು ನೆಟ್ಟಗೆ, ಕೈ ಸುಮ್ಮನೆ. ನಮ್ಮ ಅರಮಂಡಿಯ ಹಾಗೆ ಪಾದ ಹೊರಕ್ಕೆ ತಿರುಗಿಸಿ, ಮಂಡಿ ಬಗ್ಗಿಸಿ ಮೇಲೇಳಬೇಕು. ನೆಲ ಬಿಡುವಾಗಲೂ ಮುಟ್ಟುವ ಕ್ಷಣದಲ್ಲೂ ಕಾಲು ನೀಳ, ಬೆರಳ ತುದಿ ಕೆಳಕ್ಕೆ. ಹಾಗಾಗಿ ಗಾಳಿಯಲ್ಲಿದ್ದ ಸಮಯದಿಂದಲೇ ಎತ್ತರ ಲೆಕ್ಕ ಹಾಕಬಹುದು: ಸೆಕೆಂಡಿನ ವರ್ಗವನ್ನ 122.6ರಿಂದ ಗುಣಿಸಿದರೆ ಸೆಂಟಿಮೀಟರ್ ಸಿಗುತ್ತೆ. ಅರ್ಧ ಸೆಕೆಂಡಿಗೆ ಸುಮಾರು 31.

ಎಡ ಮಂಡಿಯ ಆಪರೇಷನ್ ಆಗಿ ವರ್ಷ ಕಳೆದು, ಫಿಸಿಯೋ ಒಪ್ಪಿದ ಮೇಲೆ ಒಂಟಿ ಕಾಲಲ್ಲಿ ಹೀಗೇ ಜಿಗಿದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ. ಬಲಗಾಲಲ್ಲಿ ಗಾಳಿಯಲ್ಲಿದ್ದದ್ದು 84 ಚಿತ್ರ, ಎಡಗಾಲಲ್ಲಿ 72. ಅಂದ್ರೆ 15 ಸೆಂ.ಮೀ. ಮತ್ತು 11 ಸೆಂ.ಮೀ. ಎರಡೂ ಎತ್ತಿದ್ದು ಇದೇ ಮೈಯನ್ನ, ಹಾಗಾಗಿ ವ್ಯತ್ಯಾಸ ಕಾಲಿನದ್ದೇ.

ನಡೆಯುವಾಗ ಎರಡೂ ಒಂದೇ ಅನ್ನಿಸ್ತಿತ್ತು... ಶಟಲ್ ರ‍್ಯಾಕೆಟ್ ಇನ್ನೂ ಸ್ವಲ್ಪ ದಿನ ಅಟ್ಟದ ಮೇಲೇ ಇರಲಿ, ಆ 4 ಸೆಂ.ಮೀ. ತುಂಬೋವರೆಗೆ :-)