ಬ್ಯಾರನ್ನಿನ ಬೆಂಕಿಯಲ್ಲಿ ಒಂದು ಪ್ರೇಮಕಥೆ

ಸಂಸಾರದ ನಡುವೆ ಕಾದಂಬರಿ ಬರೆಯಬಹುದೆಂಬ ಧೈರ್ಯ ನನಗೆ ಬಂದದ್ದು ಎಂ.ಕೆ. ಇಂದಿರಾ ಅವರಿಂದ. ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈಹಾಕಿದವರು ಅವರು. ‘ತುಂಗಭದ್ರ’ ಬಂದದ್ದು 1963ರಲ್ಲಿ. ಅದೇ ವರ್ಷ ತ್ರಿವೇಣಿ ತೀರಿಕೊಂಡರು, ಮೂವತ್ತೈದು ತುಂಬುವ ಮೊದಲೇ. ಅವರ ‘ಶರಪಂಜರ’ವನ್ನು 1971ರಲ್ಲಿ ತೆರೆಗೆ ತಂದ ಪುಟ್ಟಣ್ಣ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಪ್ರೇಮಿಸಿದ ಹೆಣ್ಣಿನ ಮನಸ್ಸಿಗೆ ಏನಾಗುತ್ತದೆ ಎಂಬುದೇ ಕಥೆಯೆಂದು ನಾನು ಕಲಿತದ್ದು ತ್ರಿವೇಣಿಯವರಿಂದ.

ಹಾಗಾಗಿ ನನ್ನ ನಾಯಕಿಗೆ ಊಟಿಯ ಬಂಗಲೆ ಕೊಡಲಿಲ್ಲ. ಅವಳು ಹುಣಸೂರಿನ ಕಡೆಯವಳು. ರಾತ್ರಿಯೆಲ್ಲ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಒಟ್ಟುತ್ತಾ, ಎಚ್.ಡಿ. ಕೋಟೆಯ ಹುಡುಗನೊಬ್ಬನನ್ನು ನೆನೆಯುವವಳು. ಹರಾಜಿನಲ್ಲಿ ಸೊಪ್ಪಿಗೆ ಬೆಲೆ ಬಂದರೆ ಮದುವೆ, ಇಲ್ಲವೆಂದರೆ ಇಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಬರೆಯುತ್ತಿದ್ದೆ. “ಎರಡು ಮಕ್ಕಳ ತಾಯಿಗೆ ಪ್ರೇಮದ ಕಥೆ ಯಾಕಮ್ಮಾ?” ಎಂದು ಅತ್ತೆಯವರು ಗೊಣಗುತ್ತಿದ್ದರು. ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಹಿಂತಿರುಗಿಸಲು ಅಂಚೆಚೀಟಿ ಸಹಿತ ಒಂದು ವಾರಪತ್ರಿಕೆಗೆ ಕಳಿಸಿದೆ. ಅವರು ಆ ಚೀಟಿಯನ್ನು ತಪ್ಪದೇ ಬಳಸಿಕೊಂಡರು! ಪ್ರಕಾಶಕರೊಬ್ಬರು, “ಕೊನೆಗೆ ಮದುವೆ ಮಾಡಿಸಿ, ಅಚ್ಚು ಹಾಕಿಸುತ್ತೇನೆ” ಎಂದರು. ನನ್ನ ಕಥೆಯಲ್ಲಿ ಆ ವರ್ಷ ಸೊಪ್ಪಿನ ಬೆಲೆ ಬಿದ್ದಿತ್ತು; ಅವಳ ಮದುವೆ ಹೇಗೆ ಮಾಡಿಸಲಿ? ಒಪ್ಪಲಿಲ್ಲ. ಎರಡು ವರ್ಷ ಕಾದ ಮೇಲೆ ಇನ್ನೊಬ್ಬರು ಇದ್ದಂತೆಯೇ ಪ್ರಕಟಿಸಿದರು.

ಕೆ.ಆರ್. ನಗರದ ಗೆಳತಿಯೊಬ್ಬಳು ಬಾಡಿಗೆಗೆ ತಂದ ಪ್ರತಿಯ ಕೊನೆಯ ಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರಂತೆ: “ನಮ್ಮನೇಲೂ ಹೀಗೇ ಆಯ್ತು.” ನೋಡಿ, ಬರೆದದ್ದಕ್ಕೆ ನನಗೆ ಸಿಕ್ಕ ಸಂಭಾವನೆ ಅದೇ.