ನಂದಿ ಬೆಟ್ಟ ಹತ್ತಿಸಿ ನೋಡಿದ ಸೈಕಲ್

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ದಾರಿ ಸೈಕಲ್‌ನವರದ್ದು. ಮೊದಲ ಟ್ರಯಥ್ಲಾನ್‌ಗೆ ತಯಾರಾಗುತ್ತಿದ್ದ ನನ್ನ ಹತ್ತಿರ ಇದ್ದದ್ದು ಒಂದೇ ಸೈಕಲ್‌ಗೆ ಆಗುವಷ್ಟು ದುಡ್ಡು. ರೋಡ್ ಬೈಕಾ, ಟ್ರಯಥ್ಲಾನ್ ಬೈಕಾ? ಗೆಳತಿಯ ಟ್ರಯಥ್ಲಾನ್ ಬೈಕನ್ನೇ ಕೇಳಿ ತಗೊಂಡು ಹೊರಟೆ.

ದೇವನಹಳ್ಳಿ ಕಡೆಯ ನೇರ ರಸ್ತೆಯಲ್ಲಿ ಅದು ಬಾಣ! ಮುಂದಕ್ಕೆ ಚಾಚಿದ ಏರೋಬಾರ್ ಮೇಲೆ ಮೊಣಕೈ ಊರಿ ಬಗ್ಗಿದರೆ ಎದುರುಗಾಳಿ ಬೆನ್ನ ಮೇಲಿಂದ ಜಾರಿ ಹೋಗುತ್ತೆ. ಆದರೆ ಹಾಗೆ ಬಗ್ಗಿದಾಗ ಬೆರಳಿಗೆ ಗೇರ್ ಸಿಗುತ್ತೆ, ಬ್ರೇಕ್ ಸಿಗಲ್ಲ. ಅದಿರೋದು ಪಕ್ಕದ ಹಿಡಿಯಲ್ಲಿ. ಅಡ್ಡ ಬರೋ ನಾಯಿಗೆ ಇದೆಲ್ಲ ಗೊತ್ತಾ?

ಬೆಟ್ಟದ ಎತ್ತರ 1,478 ಮೀಟರ್. ಹತ್ತುವಾಗ ಏರೋಬಾರ್‌ಗೆ ಕೆಲಸವೇ ಇಲ್ಲ. ಆ ನಿಧಾನದಲ್ಲಿ ಕಾಡೋದು ಗಾಳಿಯಲ್ಲ, ನಮ್ಮದೇ ತೂಕ. ಇಳಿಯುವಾಗಲೋ, ತಿರುವು ತಿರುವಿಗೂ ಬ್ರೇಕ್ ಕೈಯಲ್ಲೇ ಇರಬೇಕು. ಅಲ್ಲೇ ತೀರ್ಮಾನ ಆಯ್ತು.

ರೋಡ್ ಬೈಕ್ ತಗೊಂಡೆ. ಅದರಲ್ಲಿ ಗುಂಪಿನ ಜೊತೆ ಧೈರ್ಯವಾಗಿ ಹೋಗಬಹುದು. ಒಲಿಂಪಿಕ್ಸ್ ಟ್ರಯಥ್ಲಾನ್‌ನಲ್ಲೂ ಓಡಿಸೋದು ರೋಡ್ ಬೈಕೇ. ಮುಂದೆ ಗೋವಾದ ಐರನ್‌ಮ್ಯಾನ್ 70.3ರ 90 ಕಿ.ಮೀ. ಸವಾರಿಗೆ ಮನಸ್ಸಾದರೆ, ಇದಕ್ಕೇ ಸಣ್ಣ ಏರೋಬಾರ್ ಕೂರಿಸಿದರಾಯ್ತು. ಉಳಿದ ದುಡ್ಡು ಒಳ್ಳೆ ಹೆಲ್ಮೆಟ್‌ಗೆ, ಮತ್ತೆ ವಾಪಸ್ ಬರುವ ದಾರಿಯ ತಟ್ಟೆ ಇಡ್ಲಿಗೆ.